ಎಡಕ್ಕೆ ಬೀಳುವುದು

ಈ ಕೊಲ್ಲಿಯ ಹೆಸರೇ ನಿರುಪಯೋಗಿ.
ಯಾವನೋ ನಾವಿಕ ಲಂಗರು ಹಾಕಲಾಗದೆ
ಸಿಟ್ಟಿನಲ್ಲಿ ನಕ್ಷೆಯ ಮೇಲೆ ಬರೆದು ಹೋದನಂತೆ.
ಅದರ ದಡದ ಜಲ್ಲಿರಸ್ತೆಯಲ್ಲಿ ನಾನೀಗ ಪಡುವಣಕ್ಕೆ.
ಜನವರಿ, ಇಲ್ಲಿಯವರ ಲೆಕ್ಕದಲ್ಲಿ ನಡುಬೇಸಗೆ.
ಮುಖಕ್ಕೆ ಆಲಿಕಲ್ಲು.

ಬೆಳಗಿನಿಂದ ಹದಿನೇಳು ಕಿಲೋಮೀಟರು,
ಹತ್ತು ತಳ್ಳಿದ್ದು.
ಇಳಿಜಾರಿನಲ್ಲೂ ಪೆಡಲು ತುಳಿಯಬೇಕು;
ಬಿಟ್ಟರೆ ಸೈಕಲ್ಲು
ಹಗ್ಗ ಮುಗಿದ ಕರುವಿನ ಹಾಗೆ ನಿಂತುಬಿಡುತ್ತದೆ.

ಗಾಳಿ ಬೀಸುತ್ತದೆ ಅನ್ನುವುದು ಬೇರೆ ಊರಿನ ಮಾತು.
ಇಲ್ಲಿ ಅದು ಒರಗುತ್ತದೆ,
ಮದುವೆಮನೆಯ ಜಮಖಾನೆಯಲ್ಲಿ ಪಕ್ಕಕ್ಕೆ ಮಲಗಿದ
ದಪ್ಪ ನೆಂಟನಂತೆ,
ಇಡೀ ಮೈಭಾರ ನನ್ನ ಮೇಲೆ ಹಾಕಿ,
ಎಬ್ಬಿಸಿದರೂ ಏಳದೆ.
ನಾನೂ ಅದಕ್ಕೆ ಒರಗಿಯೇ ಸಾಗುತ್ತೇನೆ.
ಒಮ್ಮೊಮ್ಮೆ ಹೇಳದೆ ಕೇಳದೆ ಎದ್ದು ಹೋಗುತ್ತದೆ.
ಆಗ ಬೀಳುತ್ತೇನೆ.

ಹನ್ನೆರಡು ದಿನ ಒಬ್ಬಳೇ ಎಂದು
ಒಳಗೊಳಗೇ ಬೀಗಿದ್ದೆ,
ನಿನ್ನೆ ಸಂಜೆ ಎಲಿಯೊದೋರೊ ಬಾರಿಯಾನ
ತಗಡಿನ ಮನೆಯ ಹೊಗೆ ಕಾಣುವವರೆಗೆ.
ಮೂರು ನಾಯಿ, ಎರಡು ಕುದುರೆ, ಒಂಬೈನೂರು ಕುರಿ.
ಮನುಷ್ಯರ ದನಿ ಕೇಳಿ ಅವನಿಗೆ ಒಂದು ತಿಂಗಳು.
ಬಾಗಿಲು ತೆಗೆದವನು ಬಾ ಅನ್ನಲಿಲ್ಲ,
ಒಲೆಯ ಬದಿಯ ಸ್ಟೂಲನ್ನು ಕಾಲಿನಲ್ಲಿ ನನ್ನತ್ತ ನೂಕಿದ.
ಮಾತಿಗೆ ಮೊದಲು ಮಾತೆ:
ಸೋರೆಬುರುಡೆಯಲ್ಲಿ ಕಹಿಸೊಪ್ಪು, ಬಿಸಿನೀರು.
ಅವನು ಹೀರಿದ ಕೊಳವೆಯನ್ನೇ ನಾನೂ ಹೀರಿ
ಎಂಜಲಿನ ಲೆಕ್ಕವನ್ನು ಒಲೆಗೆ ಹಾಕಿದೆ.

ಯಾಕೆ ಹೀಗೆ ಒಬ್ಬಳೇ ಅಂತ
ದಾರಿಯುದ್ದಕ್ಕೂ ಎಲ್ಲರೂ ಕೇಳಿದ್ದಾರೆ.
ಅವನು ಸೈಕಲ್ಲು ನೋಡಿ ಕೇಳಿದ:
"ಇದನ್ನೂ ಒಳಗೆ ತರೋಣವೆ? ಚಳಿಯಲ್ಲವೆ?"
ತಂದು ಗೋಡೆಗೆ ಆನಿಸಿದೆವು,
ಕುರಿಯ ತೊಡೆ ತೂಗುವ ಕೊಕ್ಕೆಯ ಕೆಳಗೆ.

ಹೊರಡುವಾಗ ಕನ್ನಡಕ ಕೊಟ್ಟ.
ಮುರಿದ ಕಡ್ಡಿ, ಉಣ್ಣೆನೂಲಿನ ಕಟ್ಟು, ಅದೂ ಸಡಿಲ.
"ಪೊರ್ವೆನೀರ್‌ನಲ್ಲಿ, ಗಡಿಯಾರದಂಗಡಿಯ ಯಾಕ್ಷಿಚ್ ಅಮ್ಮನಿಗೆ.
ಓದುವುದಕ್ಕಲ್ಲ,
ಕುರಿಗಳ ಕಿವಿಯಲ್ಲಿರುವ ನಂಬರಿಗೆ."
ಲಾರಿಯವನ ಕೈಲಿ ಕಳಿಸಬಹುದಿತ್ತಲ್ಲ?
"ಇದರ ಮೇಲೆ ಕೂತವನೇ ಅವನು."

ಕಾಲುಚೀಲದಲ್ಲಿ ಸುತ್ತಿ ಎದೆಯ ಬಲಗಿಸೆಯಲ್ಲಿಟ್ಟೆ.
ಎಡಗಿಸೆಯ ಜಿಪ್ಪು ಕಿತ್ತು ನಾಲ್ಕು ದಿನ.
ಆದರೆ ಗಾಳಿ ಬಲದಿಂದ,
ಅದು ಎದ್ದು ಹೋದಾಗಲೆಲ್ಲ
ನಾನು ಬೀಳುವುದು ಬಲಕ್ಕೆ.

ಇಷ್ಟು ದಿನ ಬಿದ್ದರೆ ನನ್ನ ಮೊಣಕೈ, ನನ್ನ ಮಂಡಿ;
ಎದ್ದು ಕೊಡವಿಕೊಂಡರೆ ಮುಗಿಯಿತು.
ಇವತ್ತು ಒಂಬೈನೂರು ಕುರಿಗಳು
ನಂಬರಿಲ್ಲದೆ ನಿಂತಿವೆ
ನನ್ನ ಪಕ್ಕೆಲುಬಿನ ಮೇಲೆ.

ಬೀಳುವುದನ್ನು ಮತ್ತೆ ಮೊದಲಿಂದ ಕಲಿಯುತ್ತಿದ್ದೇನೆ.
ಎಡಕ್ಕೆ ಬೀಳಬೇಕಾದರೆ ಗಾಳಿಗೆ ಪೂರಾ ಒರಗಬಾರದು,
ಅರ್ಧ ಮೈಯನ್ನಾದರೂ ನನ್ನ ಹತ್ತಿರವೇ ಇಟ್ಟುಕೊಳ್ಳಬೇಕು.
ಹದಿನೆಂಟನೆಯ ಕಿಲೋಮೀಟರಿನಲ್ಲಿ ಸಾಧಿಸಿದೆ:
ಎಡಭುಜ, ಎಡಸೊಂಟ, ಹಲ್ಲಿಗೆ ಮರಳು.
ಬೇಲಿಯಾಚೆಯ ಗ್ವಾನಾಕೊ
ತಿರುಗಿ ನೋಡಿ ಕುದುರೆಯಂತೆ ನಕ್ಕಿತು.
ಕಿಸೆ ಮುಟ್ಟಿ ನೋಡಿಕೊಂಡೆ.
ಇದೆ.

ರಾತ್ರಿ, ಬಸ್ಸು ಬಾರದ ಬಸ್‌ನಿಲ್ದಾಣದಲ್ಲಿ,
ತಗಡಿಗೆ ಬೆನ್ನು ಕೊಟ್ಟು,
ತಲೆಗೆ ದೀಪ ಕಟ್ಟಿಕೊಂಡು
ಅದನ್ನೊಮ್ಮೆ ನನ್ನ ಮೂಗಿನ ಮೇಲಿಟ್ಟೆ.
ಕೊಲ್ಲಿ ಹೋಯಿತು. ರಸ್ತೆ ಹೋಯಿತು.
ನಾಳೆಯ ಅರವತ್ತೆರಡು ಕಿಲೋಮೀಟರೂ.
ಉಳಿದದ್ದು ಬೆರಳು,
ಉಗುರಿನ ಸಂದಿಯ ಚೈನಿನ ಕರಿ.
ತೆಗೆದು ಕೈಯಲ್ಲಿ ಹಿಡಿದಾಗ ಕಂಡಿತು
ಬೆಳ್ಳಗೆ ಉಣ್ಣೆನೂಲಿನ ಗಂಟು,
ಒಂದರ ಮೇಲೊಂದು ಮೂರು ಸುತ್ತು.

ಅದನ್ನು ಹಾಕುವಾಗ
ಅವನಿಗದು ಕಂಡಿರಲಿಕ್ಕಿಲ್ಲ.