ಪಿತ್ತಕೋಶಕ್ಕೆ ಹಸಿರು

ಕಾಟನ್‌ಪೇಟೆಯ ಹಿಂದಿನ ಗಲ್ಲಿ, ಶೀಟಿನ ಶೆಡ್ಡು.
ಎಂಟೂವರೆಗೆ ಬಂದು ಸೆರಗು ಬಿಗಿದು ಕೂತರೆ
ಎದುರಿಗೆ ಹನ್ನೆರಡು ಪ್ಲಾಸ್ಟರಿನ ಮುಂಡ,
ಎದೆ ತೆರೆದುಕೊಂಡು, ಒಳಗೇನೂ ಇಲ್ಲದೆ.
ಒಳಗಿನದೆಲ್ಲ ನನ್ನ ಪಕ್ಕದ ಬುಟ್ಟಿಗಳಲ್ಲಿ.

ಬಣ್ಣದ ಲೆಕ್ಕ ಏಳುಮಲೈ ಮೇಸ್ತ್ರಿ ಹೇಳಿಕೊಟ್ಟದ್ದು:
ಲಿವರಿಗೆ ಕಾವಿ, ಚಿಟಿಕೆ ಕಪ್ಪು.
ಗುಲ್ಮಕ್ಕೆ ನೇರಳೆ.
ಶುದ್ಧ ರಕ್ತಕ್ಕೆ ಕೆಂಪು, ಅಶುದ್ಧಕ್ಕೆ ನೀಲಿ.
ಅಶುದ್ಧ ಅಂದರೆ? ಕೇಳಿದ್ದೆ ಮೊದಲ ದಿನ.
ಕೆಲಸ ಮುಗಿಸಿ ಮನೆಗೆ ಹೊರಟದ್ದು, ಅಂದರು.

ಶ್ವಾಸಕೋಶದ ಹತ್ತಿರ ಮಾತ್ರ ತಲೆಕೆಳಗು:
ಹೃದಯ ಬಿಟ್ಟು ಹೊರಟದ್ದು ನೀಲಿ, ತಿರುಗಿ ಬರುವುದು ಕೆಂಪು.
ಅಲ್ಲಿ ತಪ್ಪಿದರೆ ಇಡೀ ಲಾಟು ವಾಪಸು.
ಒಮ್ಮೆ ತುಮಕೂರಿನಿಂದ ಬಂತು ಹಾಗೆ,
ಗೋಣಿಚೀಲದಲ್ಲಿ ಇಪ್ಪತ್ತು ಹೃದಯ.

ಎಡ ಶ್ವಾಸಕೋಶ ಚಿಕ್ಕದು, ಅಂಚಿನಲ್ಲೊಂದು ತಗ್ಗು,
ಇಬ್ಬರ ಸೀಟಿನಲ್ಲಿ ಮೂರನೆಯವಳಿಗೆ ಸರಿದು ಕೊಟ್ಟ ಜಾಗ.
ಸಣ್ಣ ಕರುಳು ಬಿಡಿಸಿಟ್ಟರೆ ಇಪ್ಪತ್ತು ಅಡಿ:
ನಮ್ಮ ಮನೆ, ಬಚ್ಚಲು ಸೇರಿಸಿ.
ನಾವು ಬಿಡಿಸುವುದಿಲ್ಲ. ಒಂದೇ ಅಚ್ಚು, ಒಂದೇ ಗಂಟು.

ಹೋದ ಆಷಾಢದಲ್ಲಿ ಬಲಪಕ್ಕೆಯ ಕೆಳಗೆ ಹಿಡಿದುಕೊಂಡಿತು.
ಬೌರಿಂಗ್ ಆಸ್ಪತ್ರೆಯ ಹುಡುಗ ಡಾಕ್ಟರು
ಗೋಡೆಯ ಪಟ ತೋರಿಸಲು ಎದ್ದ.
ಗೊತ್ತು ಸಾರ್, ಅಂದೆ. ಲಿವರಿನ ಕೆಳಗೆ ಹಸಿರು ಚೀಲ,
ನಾಲ್ಕನೇ ನಂಬರ್ ಬ್ರಷ್ಷು.
ನಕ್ಕುಬಿಟ್ಟ.

ತೆಗೆದರು. ಹನ್ನೊಂದು ಕಲ್ಲು ಡಬ್ಬಿಯಲ್ಲಿ ಹಾಕಿ ಕೊಟ್ಟರು,
ಹಳೇ ಹುಣಸೆಬೀಜದ ಬಣ್ಣ.
ಚೀಲ ತೋರಿಸಲಿಲ್ಲ.
ಇಪ್ಪತ್ತೆರಡು ವರ್ಷ ಬಳಿದ ಹಸಿರು
ಸರಿಯೋ ತಪ್ಪೋ, ಕೇಳಬೇಕೆಂದಿದ್ದೆ. ಮಂಪರು.

ಈಗ ಬೋಂಡ ಬಜ್ಜಿ ಬಿಟ್ಟಿದ್ದೇನೆ.
ಲಿವರು ಪಿತ್ತ ಮಾಡುತ್ತಲೇ ಇರುತ್ತದಂತೆ,
ಕೂಡಿಡಲು ಜಾಗವಿಲ್ಲ ಅಷ್ಟೆ.
ದಿನಗೂಲಿಯ ಹಾಗೆ, ಬಂದದ್ದು ಬಂದಂತೆ ಇಳಿದುಹೋಗುತ್ತದೆ.
ಬದುಕಬಹುದು. ನನಗೆ ಅಭ್ಯಾಸವಿದೆ.

ಇವತ್ತು ಜೋಡಿಸುವಾಗ ಏಳನೇ ಮುಂಡದ ಮುಂದೆ ಕೈ ನಿಂತಿತು.
ಆ ಒಂದನ್ನು ಇಡದೆಯೇ ಮುಚ್ಚಿ ಕಳಿಸಿದರೆ?
ಯಾವುದೋ ಊರಿನ ಏಳನೇ ಕ್ಲಾಸಿನ ಹುಡುಗಿ
ತೂತಿನಲ್ಲಿ ಬೆರಳಿಟ್ಟು
ಮಿಸ್, ಇವರಿಗೆ ಇಲ್ಲ, ಅಂದಾಳು.
ಇವರಿಗೆ ಅಂದಾಳೋ, ಇದಕ್ಕೆ ಅಂದಾಳೋ.

ಇಟ್ಟೆ. ಸಂಬಳದಲ್ಲಿ ಹಿಡಿಯುತ್ತಾರೆ.
ಹಸಿರಿಗೆ ಮಾತ್ರ ಒಂದು ಹನಿ ಕಂದು ಬೆರೆಸಿದ್ದೆ.
ಮೇಸ್ತ್ರಿ ಕನ್ನಡಕ ಏರಿಸಿ ನೋಡಿದರು,
ಏನೂ ಅನ್ನಲಿಲ್ಲ.

ಸೀಮೆಎಣ್ಣೆಯಲ್ಲಿ ಕೈ ತೊಳೆದು
ಸಿರ್ಸಿ ಸರ್ಕಲ್ಲಿನ ಸ್ಟಾಪಿನಲ್ಲಿ ನಿಂತೆ,
ಉಗುರಿನ ಸಂದಿಯಲ್ಲಿ ಐದಾರು ಅಂಗದ ಬಣ್ಣ.
ಗಾರ್ಮೆಂಟ್ಸ್ ಬಿಟ್ಟಿತ್ತು. ಹೂವಿನವರು, ಮೂಟೆಯವರು,
ಯಾರಿಗೂ ಮಾತಾಡುವಷ್ಟು ಉಸಿರಿಲ್ಲ.
ಬಸ್ಸು ಬಂತು, ನೀಲಿ.
ಹತ್ತಿಕೊಂಡೆವು.