ಬಾಳ್ಗೞ್ಚು

ಬೇತಮಂಗಲದ ಕೆರೆ ಕೋಡಿಯಿಂದ ಎರಡು ಮೈಲಿ,
ಹಿಪ್ಪುನೇರಳೆ ಸಾಲಿನ ನಡುವೆ
ಮೊಣಕಾಲುಮಟ್ಟ ಮಣ್ಣಲ್ಲಿ ನಿಂತಿದ್ದ ಅವನು.
ಎಡಗೈಲಿ ಬಿಲ್ಲು, ಬಲಗೈ ಒಡೆದಿದೆ,
ಮುಖವನ್ನು ಯಾರೋ ಕುಡುಗೋಲು ಮಸೆದು ಮಸೆದು
ನುಣ್ಣಗೆ ಮಾಡಿಬಿಟ್ಟಿದ್ದಾರೆ.
ಮಣ್ಣು ಬಿಡಿಸಿದೆ, ನೀರು ಚಿಮುಕಿಸಿದೆ,
ಕಾಗದ ಹಾಸಿ ಬ್ರಷ್ಷಿನಿಂದ ಬಡಿದೆ,
ಮೂವತ್ತೊಂದು ವರ್ಷದಿಂದ ಇದೇ ಬಡಿತ.
ಮಸಿಯುಂಡೆ ಒತ್ತಿದಲ್ಲೆಲ್ಲ ಕಪ್ಪು,
ಕಲ್ಲು ತಗ್ಗಿದಲ್ಲಿ ಮಾತ್ರ ಬೆಳ್ಳಗೆ ಅಕ್ಷರ.

ಕಿಱುಪೊನ್ನ. ಮಾದವ್ವೆಯ ಮಗ.
ಕಾಡುವೆಟ್ಟಿಯ ದಂಡಿನೊಳ್ ಕಾದಿ
ಪಲರಂ ಕೊಂದು ಬಿೞ್ದ.
ಅಷ್ಟೇ.
ಅರಸನ ಹೆಸರಿರಬೇಕಾದ ಕಡೆ ಚಕ್ಕೆ ಎದ್ದಿದೆ,
ವರ್ಷವಿರಬೇಕಾದ ಕಡೆ ಟ್ರ್ಯಾಕ್ಟರಿನ ಗೀರು.

ಆ ಒಂದು ಕಾಳಗದಲ್ಲೇ ಎಲ್ಲ ತೀರ್ಮಾನವಾಯಿತಂತೆ,
ತಾಮ್ರದ ಹಲಗೆಗಳು ಹೇಳುತ್ತವೆ.
ಕೋಲಾರದವರ ಹಲಗೆಯಲ್ಲಿ ಗಂಗರು ಗೆದ್ದರು,
ಕಂಚಿಯವರ ಹಲಗೆಯಲ್ಲಿ ಪಲ್ಲವರು.
ಆನೆಯ ಕುಂಭಸ್ಥಳ ಒಡೆದು ಮುತ್ತು ಸುರಿದದ್ದು
ಎರಡರಲ್ಲೂ ಇದೆ, ಸಂಸ್ಕೃತದಲ್ಲಿ,
ಒಂದೇ ಮಗ್ಗದಲ್ಲಿ ನೆಯ್ದ ಎರಡು ಸೀರೆಯ ಹಾಗೆ.
ಕಿಱುಪೊನ್ನ ಎರಡರಲ್ಲೂ ಇಲ್ಲ.

ಗಟ್ಟಿಯಾಗಿ ಓದಿಕೊಂಡೆ: ಬಿಳ್ದ.
ಜೀಪಿನ ನೆರಳಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಜೀವರತ್ನಂ
(ಮಾರಿಕುಪ್ಪಂನವನು; ಅವನ ತಾತ
ಚಾಂಪಿಯನ್ ರೀಫ್‌ನಲ್ಲಿ ಇಳಿದು ಮೇಲೆ ಬರಲಿಲ್ಲ)
ಎದ್ದು ಬಂದು ಕೇಳಿದ: ಇದ್ಯಾವ ಅಕ್ಷರ ಸಾರ್,
ಹೊಟ್ಟೆ ಕೊಯ್ದ ಸೊನ್ನೆ ಥರ?
ಸತ್ತಿದೆ ಕಣೋ ಅದು, ಎಂದೆ. ಸಾವಿರ ವರ್ಷವಾಯ್ತು.
ಹೇಗೆ ಅಂತಿದ್ದರೋ, ಈಗ ನಮ್ಮವರ ಬಾಯಲ್ಲಿ ಹೊರಳಲ್ಲ.
ನನಗೂ. ನಮ್ಮನೇಲಿ ತೆಲುಗು.
ನಾಲಿಗೆ ಮಡಿಸಿ, ತಾಗಿಸದೆ, ಒಳಕ್ಕೆ
ಅಂತ ಪುಸ್ತಕದಲ್ಲಿದೆ.
ಅವನು ಸಿಪ್ಪೆ ಉಗಿದು,
ಅಂಗಡಿಯಲ್ಲಿ ಬಾಳೆಹಣ್ಣು ಕೇಳಿದಷ್ಟು ಸಲೀಸಾಗಿ ಅಂದ:
ಬಿೞ್ದ.

ಪಕ್ಕದ ಬೋರ್‌ವೆಲ್ ಮೋಟಾರು ಓಡುತ್ತಲೇ ಇತ್ತು.
ನನ್ನ ಕೈಯ ಮಸಿಯುಂಡೆ ಒಣಗುತ್ತಿತ್ತು.
ಯಾವ ಸೀಮೆಯವರು ಇವನನ್ನು ಇರಿದರೋ
ಆ ಸೀಮೆಯ ನಾಲಿಗೆಯೇ
ಇವನು ಬಿದ್ದ ಸದ್ದನ್ನು
ಇಷ್ಟು ಕಾಲ ಜೋಪಾನ ಮಾಡಿಕೊಂಡು ಬಂದಿದೆ.
ನಾವು ಬಿದ್ದ ಅನ್ನುತ್ತೇವೆ,
ಲಾರಿಯಿಂದ ಮೂಟೆ ಬಿದ್ದ ಹಾಗೆ.

ಕೊನೆಯ ಸಾಲು: ಬಾಳ್ಗೞ್ಚು ಕೊಟ್ಟರ್.
ಕತ್ತಿ ತೊಳೆದು ಕೊಟ್ಟ ಹೊಲ ಅಂತ ವಿವರಿಸಿದೆ.
ಸತ್ತವನ ಕತ್ತಿ ತೊಳೆದು, ಆ ನೀರಿನ ಜೊತೆಗೇ
ಮನೆಯವರ ಕೈಗೆ ಮಣ್ಣು.
ಇದೇ ಇರಬಹುದು, ಈ ಹಿಪ್ಪುನೇರಳೆ ಪಟ್ಟಿ.
ಜೀವರತ್ನಂ ಬೆರಳಿಟ್ಟ: ವಾಳ್, ಕತ್ತಿ. ಗೊತ್ತಾಯ್ತು.
ಬದುಕೋದಕ್ಕೆ ಏನಂತೀರಿ ನೀವು?
ಬಾಳು.
ಮತ್ತೆ ಕತ್ತಿಗೆ?
ಅದೂ ಬಾಳು, ಹಳೇ ಮಾತಲ್ಲಿ.
ಎರಡಕ್ಕೂ ಒಂದೇನಾ ಸಾರ್?
ಮೊದಲು ಬೇರೆ ಬೇರೆ ಇತ್ತು.
ಈ ಅಕ್ಷರ ಸತ್ತಾಗ ಕೂಡಿಕೊಂಡವು.
ನಮ್ಮಲ್ಲಿ ಇನ್ನೂ ಬೇರೆ, ಅಂದ,
ಡೀಸೆಲ್ ಲೆಕ್ಕ ಒಪ್ಪಿಸುವ ದನಿಯಲ್ಲಿ.

ಕೈ ತೊಳೆಯಲು ಕಾಲುವೆಗೆ ಇಳಿದೆವು.
ಪಾಲಾರು. ಇಲ್ಲಿ ನಮ್ಮದು, ಮುಂದೆ ಅವರದು,
ಕಂಚಿಯ ಮಗ್ಗುಲಲ್ಲೇ ಹಾದುಹೋಗುತ್ತದೆ.
ಕಿಱುಪೊನ್ನನ ಕತ್ತಿ ತೊಳೆದ ನೀರೂ ಹೋಗಿರಬೇಕು,
ಆ ಕಡೆಯ ಯಾರ ಕೊಡಕ್ಕೋ,
ಅವಳ ಗಂಡನೂ ಮನೆಗೆ ಬಂದಿರಲಿಲ್ಲವೇನೋ.
ಮಸಿ ಸ್ವಲ್ಪ ದೂರ ದಾರದಂತೆ ಹರಿದು
ಕಣ್ಮರೆಯಾಯಿತು.

ಕಾಗದ ಕಲ್ಲಿನ ಮೇಲೆ ಒಣಗುವವರೆಗೆ
ನಮಗೆ ಬೇರೆ ಕೆಲಸವಿಲ್ಲ.
ಬಾೞ್, ಎಂದೆ.
ಇನ್ನೂ ಸ್ವಲ್ಪ ಒಳಕ್ಕೆ ಸಾರ್,
ಮುಟ್ಟಿಸಬೇಡಿ,
ಮತ್ತೆ ಹೇಳಿ.