ಮೊದಲ ತುತ್ತು

ಕಾಡಿಗೆ ಹೊರಡುವ ಮುಂಚೆ ಕೈ ತೊಳೆದುಕೋ
ಎನ್ನುತ್ತಿದ್ದಳು ಶೆಫಿಕಾ.
ಊಟಕ್ಕೆ ತೊಳೆಯುವುದು ಗೊತ್ತು. ಕಾಡಿಗೆ ಯಾಕೆ?

ಬೀಚ್ ಮರಗಳಡಿ ಹಿಮ ಕರಗಿದ ಕಪ್ಪು ನೆಲ,
ಕೆಳಗೆಲ್ಲೋ ಗೊಣಗುವ ಸಾನಾ ಹೊಳೆ,
ಪಾದ ಮುಚ್ಚುವಷ್ಟು ಹಸಿರು: ಕರಡಿಬೆಳ್ಳುಳ್ಳಿ.
ಚಳಿಗಾಲದ ನಿದ್ದೆಯಿಂದೆದ್ದ ಕರಡಿ
ಮೊದಲು ಮೇಯುವುದು ಇದನ್ನೇ ಅಂತೆ.
ಒಂದೆಲೆ ಹೊಸಕಿ ನನ್ನ ಮೂಗಿಗೆ ಹಿಡಿದಳು.
"ಮೊದಲ ಎಲೆಗೆ ಮಾತ್ರ ಮೂಗನ್ನು ನಂಬು.
ಹತ್ತು ಕಿತ್ತ ಮೇಲೆ ನಾರುವುದು ನಿನ್ನ ಕೈ.
ಆಮೇಲೆ ವಿಷ ಮುಟ್ಟಿದರೂ ಬೆಳ್ಳುಳ್ಳಿಯೇ."

ವಿಷ ಪಕ್ಕದಲ್ಲೇ ಇತ್ತು, ಮ್ರಾಜೊವಾತ್ಸ್,
ಒಂದೇ ಪಂಕ್ತಿಯಲ್ಲಿ ಕೂತ ನೆಂಟನ ಹಾಗೆ.
ಎಲೆಯುದುರುವ ಕಾಲಕ್ಕೆ ಬರೀ ನೇರಳೆ ಹೂ,
ವಸಂತಕ್ಕೆ ಬರೀ ಎಲೆ;
ಪೂರ್ತಿ ತನ್ನನ್ನು ಒಮ್ಮೆಯೂ ತೋರಿಸದ ಗಿಡ.
"ಬೆಳ್ಳುಳ್ಳಿಯ ಒಂದೊಂದೆಲೆಗೂ ತನ್ನದೇ ತೊಟ್ಟು.
ಇದಕ್ಕೆ ತೊಟ್ಟಿಲ್ಲ, ಗುಂಪಾಗಿ ನೆಲದಿಂದೇಳುತ್ತದೆ.
ಬೆರಳನ್ನು ಕೇಳು. ಅವಸರ ಬೇಡ,
ಇದರ ವಿಷಕ್ಕೂ ಅವಸರವಿಲ್ಲ."

ಅವಳೂ ಎಲೆಯುದುರುವ ಕಾಲಕ್ಕೇ ಬಂದವಳು,
ಅಮ್ಮ ಹೋದ ಹನ್ನೊಂದನೇ ತಿಂಗಳಿಗೆ,
ಒಂದು ಟ್ರಂಕು, ಒಂದು ಜರಡಿ ಹೊತ್ತು.
ಝುಮ್ರಾ ಬೇಲಿಯಾಚೆಯಿಂದ ಹೇಳಿದ್ದಳು:
"ಗಿಡ ಬಲ್ಲವಳು. ಜೋಪಾನ, ಮಗೂ."
ಅಷ್ಟೇ. ಸಾಕಾಗಿತ್ತು.

ಮೊಣಕಾಲು ತರಚಿದ ದಿನ
ಅವಳು ದಾರಿಬದಿಯ ಬೊಕ್ವಿತ್ಸ ಎಲೆ ಜಗಿದು ಗಾಯಕ್ಕೆ ಮೆತ್ತಿದಳು.
ಬೆಚ್ಚಗಿತ್ತು.
ಹೊಳೆಗೆ ಓಡಿ ತೊಳೆದುಬಿಟ್ಟೆ. ಕೀವಾಯಿತು.
ಏನೂ ಕೇಳಲಿಲ್ಲ ಅವಳು,
ಇನ್ನೊಂದೆಲೆ ಕಿತ್ತು ಜಗಿದಳು.

ಆಮೇಲೆ ಆ ಪೀಟಾ.
ಆಚೆಯದು ಕಾಣುವಷ್ಟು ತೆಳ್ಳಗೆ ಎಳೆದ ಹಿಟ್ಟು,
ಒಳಗೆ ಸೊಪ್ಪು, ಚೀಸು, ಸುರುಳಿ ಸುತ್ತಿ
ತಗಡಿನ ತಟ್ಟೆಯಲ್ಲಿ ಬೆಂದು ಬಂದರೆ
ಮೊದಲ ತುಂಡು ಅವಳದು. ಅಪ್ಪನಿಗೂ ಮುಂಚೆ.
ಕಿಟಕಿ ತೆರೆದಿಟ್ಟು, ಬೆಳಕಿಗೆ ಮುಖಮಾಡಿ ನಿಂತು,
ನಿಧಾನ ಅಗಿದು ನುಂಗುತ್ತಿದ್ದಳು.
ಆಮೇಲೆ ಬಟ್ಟೆ ಮುಚ್ಚಿ, ಸಂಜೆಯವರೆಗೆ ಯಾರಿಗೂ ಇಲ್ಲ.

ಹೊಟ್ಟೆಬಾಕಿ ಅಂದುಕೊಂಡೆ.
ಒಂದು ದಿನ ಅಂದೂ ಬಿಟ್ಟೆ.
ಅಪ್ಪ ಎತ್ತಿದ ಕೈಯನ್ನು ಅವಳೇ ಹಿಡಿದಳು.
"ಹಸಿದಿದೆ, ಬಿಡು ಮುಹರೆಮ್."

ಅವಳನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ
ಸೆಕೆಯೆಂದು ಆ ಕಿಟಕಿ ತೆರೆದೆ.
ಎದುರಿಗೆ, ಹತ್ತು ಹೆಜ್ಜೆಗೆ, ಝುಮ್ರಾಳ ಬೇಲಿ.
ಬೇರೇನೂ ಕಾಣುವುದಿಲ್ಲ ಆ ಕಿಟಕಿಯಿಂದ.

ಎಷ್ಟು ವಸಂತ ನಿಂತಿದ್ದಳು ಅಲ್ಲಿ,
ತನ್ನ ಬಾಯನ್ನೇ ಸಾಕ್ಷಿಗೆ ಕರೆದು.
ಮೊದಲ ತುಂಡು ತಿಂದು, ನಾವು ತಿನ್ನುವ ಮುಂಚೆ
ತಾನು ಸಾಯಲು ಬೇಕಾದಷ್ಟು ಹೊತ್ತು ಕೊಟ್ಟು.

ನನ್ನ ಮೂಗು ಸರಿಯಾಗಿಯೇ ಇತ್ತು.
ಕೈ ನಾರುತ್ತಿತ್ತು, ಒಂದು ಮಾತು ಮುಟ್ಟಿದ ಕೈ.
ಅವಳು ಕೊಟ್ಟದ್ದೆಲ್ಲ ಅದನ್ನೇ ನಾರಿತು.

ಈಗ ಪ್ರಿಯೆದೋರ್ ಸಂತೆಯಲ್ಲಿ
ಕಟ್ಟು ಕಟ್ಟಿಟ್ಟ ಸೊಪ್ಪು ಕೊಳ್ಳುವಾಗಲೂ
ನಲ್ಲಿ ಎಲ್ಲಿದೆ ಎಂದು ಕೇಳುತ್ತೇನೆ ಮೊದಲು.
ಮಾರುವ ಹುಡುಗಿ ನಗುತ್ತಾಳೆ:
ಕೊಳೆ ಆಗುವ ಮುಂಚೆಯೇ ತೊಳೆಯುತ್ತಾರಾ, ಅಕ್ಕಾ?